ಅಜ್ಜಿಯನ್ನು ಹೆಣ್ಣು ನೋಡಿದ್ದು

ಎಂಬತ್ತರ ದಶಕದಲ್ಲಿ, ಕಾಲೇಜಿನಲ್ಲಿ ಸಮಾಜಶಾಸ್ತ್ರ ಓದುತ್ತಿದ್ದಾಗ, ಸರ್ವೆ ಮಾಡಲು ನನಗೆ ವಿಜಯನಗರದ ಒಂದು ವಠಾರ ಸಿಕ್ಕಿತು. ವಯಸ್ಸಾದವರು ಯಾರ ಹಂಗೂ ಇಲ್ಲದೆ ತಮ್ಮ ಮನೆಯಲ್ಲೇ ಬದುಕಲು ಕೋಲು, ಕನ್ನಡಕ, ಕಿವಿ ಮಿಷನ್ನು ಅಂತ ಏನೇನು ಬಳಸುತ್ತಾರೆ ಎಂದು ಕೇಳಿಕೊಂಡು ಬರಬೇಕಿತ್ತು. ನನಗೋ ಅದೇನೋ ದೇಶೋದ್ಧಾರದ ಕೆಲಸ ಎಂಬ ಭ್ರಮೆ. ಕಾಟನ್ ಸೀರೆ ಉಟ್ಟು, ಅಮ್ಮನ ವ್ಯಾನಿಟಿ ಬ್ಯಾಗು ನೇತುಹಾಕಿಕೊಂಡು ಹೊರಟೆ. ಬಸ್ಸಿಳಿಯುವಷ್ಟರಲ್ಲಿ ನೆರಿಗೆ ಅರ್ಧ ಬಿಚ್ಚಿಹೋಗಿತ್ತು.

ವಠಾರದ ಕೊನೆಯ ಮನೆ ಅಜ್ಜಿಯದು. ಬಟ್ಟೆ ಮಿಲ್ಲಿನಲ್ಲಿ ಮಗ್ಗ ನಡೆಸಿ ರಿಟೈರ್ ಆದವಳು, ಬಾಡಿಗೆ ಮನೆಯಲ್ಲಿ ಒಬ್ಬಳೇ ಇದ್ದಳು. ಕಿವಿ ಒಂಚೂರೂ ಕೇಳಿಸುವುದಿಲ್ಲ ಎಂದು ಪಕ್ಕದ ಮನೆ ಆಂಟಿ ಮೊದಲೇ ಎಚ್ಚರಿಸಿದ್ದರು. ಸರಿ, ಬಾಗಿಲಲ್ಲೇ ನಿಂತು ಗಂಟಲು ಹರಿಯುವ ಹಾಗೆ ಓದಿದೆ: "ತಾವು ಸ್ವತಂತ್ರವಾಗಿ ಜೀವಿಸಲು ಬಳಸುವ ಸಹಾಯಕ ಸಾಧನಗಳು ಯಾವುವು?"

ನಲ್ಲಿ ಹತ್ತಿರ ಬಟ್ಟೆ ಒಗೆಯುತ್ತಿದ್ದವರೆಲ್ಲ ಸೋಪಿನ ಕೈಯಲ್ಲೇ ಓಡಿಬಂದರು.

"ಯಾಕ್ ತಾಯಿ ಹಂಗೆ ಕಿರುಚ್ಕೋತೀಯ? ಮೆತ್ತಗೆ ಹೇಳು, ಬಾಯಿ ನೋಡ್ಕೋತೀನಿ," ಎಂದಳು ಅಜ್ಜಿ. ಮಗ್ಗಗಳ ಗದ್ದಲದಲ್ಲಿ ಒಬ್ಬರ ಮಾತು ಇನ್ನೊಬ್ಬರಿಗೆ ಕೇಳಿಸುತ್ತಲೇ ಇರಲಿಲ್ಲವಂತೆ. ಹೆಂಗಸರೆಲ್ಲ ಸದ್ದಿಲ್ಲದೆ ಬರೀ ತುಟಿಯಲ್ಲೇ ಮಾತಾಡುವುದು, ತುಟಿ ನೋಡಿಯೇ ತಿಳಿದುಕೊಳ್ಳುವುದು. "ಮೇಸ್ತ್ರಿ ಎದುರ್ಗೇ ನಿಂತು ಅವನ್ನೇ ಬೈತಿದ್ವಿ ಕಣೇ! ನಮಸ್ಕಾರ ಅಂತಾವ್ರೆ ಅಂದ್ಕೊಂಡು ಪಾಪ ತಲೆ ಆಡಿಸೋನು!"

ನಗು ತಡೆದುಕೊಂಡು ಮುಂದಿನ ಪ್ರಶ್ನೆಗಳನ್ನು ಮೆಲ್ಲಗೆ ಕೇಳಿದೆ. ಚೆನ್ನಾಗಿ ನಡೀತೀರಾ? ಕಣ್ಣು ಕಾಣುತ್ತಾ? ಅಡುಗೆ ಮಾಡ್ತೀರಾ? ಸೂಜಿಗೆ ದಾರ ಪೋಣಿಸ್ತೀರಾ? ಅಜ್ಜಿಯ ಹುಬ್ಬು ಮೇಲೇರುತ್ತಲೇ ಹೋಯಿತು.

"ಅಯ್ಯೋ ಶಿವನೇ! ಇವ್ಳು ನನ್ನ ಹೆಣ್ಣು ನೋಡೋಕೆ ಬಂದವ್ಳೆ ಕಣ್ರೇ!"

ಮುಗೀತು ನನ್ನ ಸರ್ವೆ. ಅಜ್ಜಿ ತಲೆತುಂಬ ಸೆರಗು ಹೊದ್ದು, ನೆಲ ನೋಡುತ್ತಾ, ಕೋಣೆಯ ಆ ಗೋಡೆಯಿಂದ ಈ ಗೋಡೆಗೆ ಬಳುಕಿ ನಡೆದಳು. "ಕುಂಟಿ ಅಲ್ಲ, ನೋಡ್ಕೋ!" ಹಾಡು ಅನ್ನುವ ಮೊದಲೇ ಒಂದು ಸೋಬಾನೆ ಎತ್ತಿಕೊಂಡಳು. ತನ್ನ ಸ್ವರ ತನಗೇ ಕೇಳದವಳ ಹಾಡು, ಅದರ ಚೆಂದ ನೀವೇ ಊಹಿಸಿ! ಆಂಟಿಯಂತೂ ಶಾಸ್ತ್ರ ಬಿಡಬಾರದೆಂದು ಬಿಸಿ ಬಿಸಿ ಕೇಸರಿಬಾತ್ ಮಾಡಿ ತಂದೇಬಿಟ್ಟರು.

"ತಿಂದ್ಬಿಟ್ಟು 'ಮನೆಗೆ ಹೋಗಿ ತಿಳಿಸ್ತೀವಿ' ಅಂದೀಯಾ, ಜೋಕೆ!" ಎಂದು ಅಜ್ಜಿ ಬೆರಳಾಡಿಸಿದಳು. ನಮ್ಮಕ್ಕನಿಗೆ ಆ ಮಾತು ಕೇಳಿ ಕೇಳಿ ಸಾಕಾಗಿತ್ತು. ಒಪ್ಪಿಗೆಯಾದವರು ಅಲ್ಲೇ ಕೂತು ಮಾತುಕತೆ ಶುರು ಮಾಡುತ್ತಾರೆ. ಹೆಣ್ಣು ಬೇಡವಾದವರು ಬಾಯಿ ಒರೆಸಿಕೊಂಡು, ಮನೆಗೆ ಹೋಗಿ ತಿಳಿಸ್ತೀವಿ ಎನ್ನುತ್ತಾರೆ. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ.

ಊಟ ಮಾಡಿಕೊಂಡೇ ಹೋಗಬೇಕೆಂದು ಅಜ್ಜಿ ಸ್ಟವ್ ಮೇಲೆ ಬೇಳೆಗೆ ಕುಕ್ಕರ್ ಇಟ್ಟಳು. ಆಗ ತನ್ನ 'ಸಾಧನ' ತೋರಿಸಿದಳು. ಸ್ಟವ್ ಮೇಲುಗಡೆ ಒಂದು ಕೆಂಪು ರವಿಕೆ ಕಣ ದಾರದಲ್ಲಿ ಜೋತಾಡುತ್ತಿತ್ತು. ಆ ದಾರ ಗವಾಕ್ಷಿಯಿಂದ ತೂರಿ ಆಂಟಿಯ ಅಡುಗೆಮನೆಗೆ ಹೋಗುತ್ತಿತ್ತು. ಕುಕ್ಕರ್ ಮೂರು ಸಲ ಕೂಗಿದ ಕೂಡಲೇ ಆಂಟಿ ಅಲ್ಲಿಂದ ದಾರ ಎಳೆಯಬೇಕು, ಇಲ್ಲಿ ಬಟ್ಟೆ ಕುಣಿಯಬೇಕು, ಅಜ್ಜಿ ಸ್ಟವ್ ಆರಿಸಬೇಕು!

"ಇದು ಬರೋಕ್ ಮುಂಚೆ ಅದು," ಎಂದು ಸೂರು ತೋರಿಸಿದಳು. ಅಲ್ಲಿ ಹಳದಿ ಕಲೆ. ನೀರೆಲ್ಲ ಆರಿ ಕುಕ್ಕರ್ ಸಿಡಿದು ಬೇಳೆ ಸೂರಿಗೆ ಮೆತ್ತಿಕೊಂಡಿತ್ತಂತೆ. ಅವತ್ತಿನಿಂದ ಕೆಂಗೇರಿಯಲ್ಲಿದ್ದ ಅಜ್ಜಿಯ ಮಗಳು, ಅಮ್ಮ ಒಬ್ಬಳೇ ಇರುವುದು ಬೇಡ, ತನ್ನ ಮನೆಗೇ ಬರಲಿ ಎಂದು ಹಟ ಹಿಡಿದಿದ್ದಳು.

"ಇವತ್ತು ಬರ್ತಾಳೆ, ಕರ್ಕೊಂಡು ಹೋಗೋಕೆ." ಅಜ್ಜಿಯ ನಗು ನಿಂತಿತು. "ನನ್ ಮಗ್ಳು ಚಿನ್ನ ಕಣೇ. ಆದ್ರೆ ಅಲ್ಲಿ ಒಲೆ ಹತ್ರ ಬಿಡಲ್ಲ, ಕೂತ್ಕೋ ಕೂತ್ಕೋ ಅಂತಾರೆ. ಕೂತ್ಕೊಂಡು ಏನ್ ಮಾಡ್ಲಿ? ನಂಗೆ ಈ ಮನೆ ಬಿಡೋಕೆ ಇಷ್ಟ ಇಲ್ಲ." ನನಗೆ ಸಂಕಟವಾಯಿತು.

ಹೇಳುತ್ತಿದ್ದ ಹಾಗೇ ಮಗಳು ಬಂದಳು, ಕೈಯಲ್ಲಿ ಅಮ್ಮನ ಬಟ್ಟೆ ತುಂಬಲು ತಂದ ಖಾಲಿ ಬ್ಯಾಗು.

"ಯಾರಿವರು?"

"ನಿಮ್ಮಮ್ಮನ್ನ ಹೆಣ್ಣು ನೋಡೋಕೆ ಬಂದವ್ರು!" ಎಂದರು ಆಂಟಿ. ಮಗಳು ನಗಲಿಲ್ಲ. ಅಷ್ಟರಲ್ಲಿ ಕುಕ್ಕರ್ ಕೂಗಿತು.

ಆಂಟಿ ಇರುವುದು ಇಲ್ಲಿ, ಕೇಸರಿಬಾತ್ ತಟ್ಟೆ ಹಿಡಿದುಕೊಂಡು. ದಾರದ ತುದಿ ಇರುವುದು ಅಲ್ಲಿ! ಎರಡನೇ ಕೂಗಿಗೆ ಆಂಟಿ ಎದ್ದುಬಿದ್ದು ಓಡಹೊರಟರು. ಮಗಳು ಅವರ ಕೈ ಹಿಡಿದುಕೊಂಡಳು. "ಬೇಡ ಆಂಟಿ. ಇವತ್ತು ನೋಡೇಬಿಡೋಣ."

ಅಜ್ಜಿ ನನ್ನ ಕಡೆ ತಿರುಗಿ ಮತ್ತೆ ಮೇಸ್ತ್ರಿಯ ಕತೆ ಹೇಳುತ್ತಿದ್ದಳು. ಮೂರನೇ ಕೂಗು. ಯಾರೂ ಉಸಿರು ಬಿಡಲಿಲ್ಲ. ಅಜ್ಜಿ ಮಾತು ನಿಲ್ಲಿಸಿ ನನ್ನ ಮುಖ ನೋಡಿದಳು, ಆಂಟಿಯ ಮುಖ ನೋಡಿದಳು, ಬಾಗಿಲಲ್ಲಿ ನಿಂತ ಸೋಪಿನ ಕೈಯವರನ್ನು ನೋಡಿದಳು. ಎದ್ದು ಹೋಗಿ ಸ್ಟವ್ ಆರಿಸಿ ಬಂದಳು.

"ಬಾಯಿ ಮುಚ್ಚದೇ ಇರೋರೆಲ್ಲ ಒಟ್ಟಿಗೆ ಬಾಯಿ ಮುಚ್ಕೊಂಡು ಒಲೆ ಕಡೆ ನೋಡಿದ್ರೆ ನಂಗೆ ಗೊತ್ತಾಗಲ್ವಾ?"

ಮಗಳು ಸೋಲಲಿಲ್ಲ. "ಅಮ್ಮ, ನಂಗೆ ಅಲ್ಲಿ ಪ್ರಾಣ ಬಾಯಿಗೆ ಬಂದಿರುತ್ತೆ. ಇವ್ರ್ಯಾರೂ ಇಲ್ದೇ ಇದ್ದಾಗ ಏನ್ ಮಾಡ್ತೀಯ?"

"ಈ ವಠಾರದಲ್ಲಿ ಯಾರೂ ಇಲ್ದೇ ಇರೋ ದಿನ ಅಂತ ಒಂದಿದ್ರೆ ಹೇಳೇ. ಅವತ್ತು ಅಡುಗೆ ಬಿಟ್ಟಾಕಿ ನೆಮ್ಮದಿಯಾಗಿ ನಿದ್ದೆ ಮಾಡ್ತೀನಿ!"

ವಠಾರಕ್ಕೆ ವಠಾರವೇ ಗೊಳ್ಳೆಂದಿತು. ಮಗಳು ತುಟಿ ಕಚ್ಚಿಕೊಂಡು ನೋಡಿದಳು, ಆಗಲಿಲ್ಲ, ಅವಳಿಗೂ ನಗು ಬಂತು. ಕಣ್ಣು ಒರೆಸಿಕೊಂಡು ಕೂತು, ಒಂದು ತಟ್ಟೆ ಕೇಸರಿಬಾತ್ ಪೂರ್ತಿ ತಿಂದಳು. ಏನು ತೀರ್ಮಾನ ಮಾಡಿದಳೆಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಆಮೇಲೆ ಬ್ಯಾಗು ಎತ್ತಿಕೊಂಡು ವಠಾರದ ಗೇಟಿನವರೆಗೂ ಹೋದವಳು ಅಲ್ಲಿಂದಲೇ ತಿರುಗಿ, ಮಿಲ್ಲಿನ ಹೆಂಗಸರ ಹಾಗೆ, ಸದ್ದಿಲ್ಲದೆ ತುಟಿಯಲ್ಲೇ ಏನೋ ಹೇಳಿದಳು. ಬ್ಯಾಗು ಇನ್ನೂ ಖಾಲಿಯೇ ಇತ್ತು.

"ಏನಂದ್ಲು? ಅಜ್ಜಿ, ಏನಂದ್ಲು?" ಎಂದು ನಾವೆಲ್ಲ ಮುತ್ತಿಕೊಂಡೆವು.

"ಮನೆಗೆ ಹೋಗಿ ತಿಳಿಸ್ತಾರಂತೆ!" ಎಂದು ಅಜ್ಜಿ ಎರಡೂ ಕೈ ಮೇಲೆತ್ತಿ ಕೂಗಿದಳು. ಹೆಣ್ಣು ಬೇಡ ಅನ್ನಿಸಿಕೊಂಡು ಅಷ್ಟು ಕುಣಿದವಳನ್ನು ನಾನು ಮತ್ತೆಲ್ಲೂ ನೋಡಿಲ್ಲ.