ಅತ್ತೆಯ ಕಾರಿಗೆ ಹೊಸ ಸೀಲುಗಳು

ನಾನು ಮದುವೆಯಾಗಿ ಮೈಸೂರಿನಿಂದ ಚೆನ್ನೈ ಅಂಚಿನ ತಾಂಬರಂಗೆ ಬಂದಾಗ ಮನೆಯ ಶೆಡ್ಡಿನಲ್ಲಿ ಹಳೆಯ ಜಪಾನಿ ಕಾರೊಂದು ಮುಸುಕು ಹೊದ್ದು ನಿಂತಿತ್ತು. ಹಡಗಿನ ಕೆಲಸದಲ್ಲಿದ್ದ ಅತ್ತೆಯ ಅಣ್ಣ ಆಸೆಪಟ್ಟು ತರಿಸಿಕೊಂಡಿದ್ದ ಕಾರು ಅದು. ಅವರು ತೀರಿಕೊಂಡ ಮೇಲೆ ತಂಗಿಯ ಪಾಲಿಗೆ ಬಂದಿತ್ತು. ಅತ್ತೆ ಹರೆಯದಲ್ಲಿ ಊರಾಚೆಯ ಹಳೆಯ ರನ್‌ವೇ ಮೇಲೆ ಕಾರ್ ರೇಸ್ ಓಡಿಸಿದವರು ಎಂದು ನನಗೆ ಗೊತ್ತಾದದ್ದು ಎಷ್ಟೋ ಕಾಲದ ಮೇಲೆ, ಅದೂ ಗಂಡನ ಬಾಯಿಂದ. ಅತ್ತೆ ಮಿತಭಾಷಿ. ನಾನು ಪಾಲಿಟೆಕ್ನಿಕ್ಕಿನಲ್ಲಿ ಮೆಕ್ಯಾನಿಕಲ್ ಪಾಠ ಹೇಳಿ ಸಂಜೆ ಮನೆಗೆ ಬಂದರೆ, ಹಾಲು ಬಂತೇ, ಸಾರಿಗೆ ಉಪ್ಪು ಹಾಕಿದೆಯಾ ಎಂಬುದರಾಚೆ ನಮ್ಮಿಬ್ಬರ ಮಾತು ಹೋಗುತ್ತಿರಲಿಲ್ಲ.

ಮಾವನವರ ವರ್ಷಾಬ್ದಿಕ ಮುಗಿದ ಮೇಲೆ ಒಂದು ಭಾನುವಾರ ಅವರೇ ಮುಸುಕು ತೆಗೆದರು. ಹೊಸ ಬ್ಯಾಟರಿ ಹಾಕಿಸಿ, ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಡಲ ಬದಿಯ ರಸ್ತೆಗೆ ಹೊರಟರು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಗೇರು ಬದಲಿಸುತ್ತಿದ್ದ ಆ ಹೆಂಗಸನ್ನು ನಾನು ಅದುವರೆಗೆ ನೋಡಿಯೇ ಇರಲಿಲ್ಲ. ಆದರೆ ಮುಟ್ಟುಕಾಡು ದಾಟುತ್ತಿದ್ದಂತೆ, ಓಡುತ್ತಿರುವ ಮಿಕ್ಸಿಗೆ ಚಮಚ ಬಿದ್ದ ಹಾಗೆ ಸದ್ದಾಯಿತು. ಕಾರಿನ ಬಲ ಅರ್ಧಕ್ಕರ್ಧ ಇಳಿದುಹೋಯಿತು. ಅತ್ತೆ ಬದಿಗೆ ನಿಲ್ಲಿಸಿ, ಕೀಲಿ ತಿರುಗಿಸಿ ಎಂಜಿನ್ ಆರಿಸಿದರು. "ಸೀಲ್ ಹೋಯ್ತು ಮಾ," ಎಂದರು.

ಆ ಕಾರಿನದು ರೋಟರಿ ಎಂಜಿನ್. ಅದರಲ್ಲಿ ಮೇಲೆ ಕೆಳಗೆ ಆಡುವ ಪಿಸ್ಟನ್ ಇರುವುದಿಲ್ಲ. ಮೂರು ಮೂಲೆಯ ದಪ್ಪ ರೋಟರ್ ಒಂದು ಲೋಹದ ಗೂಡಿನೊಳಗೆ ಸುತ್ತುತ್ತದೆ. ರೋಟರಿನ ಪ್ರತಿ ಮೂಲೆಯಲ್ಲೂ ಬೆರಳುದ್ದದ ತೆಳು ಪಟ್ಟಿಯೊಂದು ಗೂಡಿನ ಗೋಡೆಗೆ ಒತ್ತಿಕೊಂಡು ಉಜ್ಜುತ್ತಾ ಹೋಗುತ್ತದೆ. ಅದೇ ಅಪೆಕ್ಸ್ ಸೀಲು. ಅದು ಬಿಗಿಯಾಗಿದ್ದರೆ ಮಾತ್ರ ಎಂಜಿನ್ನಿಗೆ ಉಸಿರು.

ಗಂಡ ಕಾರನ್ನು ಯಾರಾದರೂ ಸಂಗ್ರಹಕಾರರಿಗೆ ಕೊಟ್ಟುಬಿಡೋಣ ಎಂದರು. ಎಳೆಸಿ ತಂದ ಕಾರಿಗೆ ಅತ್ತೆ ಮತ್ತೆ ಮುಸುಕು ಹೊದಿಸಿದರು. ಬಿಚ್ಚಿ ನೋಡೋಣ ಎಂದವಳು ನಾನು.

ಬಂದರಿನ ಬಳಿಯ ರಾಯಪುರಂನಲ್ಲಿ ಮೀನುಗಾರರ ದೋಣಿ ಎಂಜಿನ್ ರಿಪೇರಿ ಮಾಡುವ ವರ್ಕ್‌ಶಾಪ್ ಒಂದಿತ್ತು. ಇಂಥ ಎಂಜಿನ್ ತಾನು ಬಿಚ್ಚಿದವನಲ್ಲ ಎಂದು ಅದರ ಯಜಮಾನ ನೇರವಾಗಿಯೇ ಹೇಳಿದ. ಜಾಗ, ಎತ್ತುವ ಚೈನು, ಸಲಕರಣೆ ಎಲ್ಲ ಇದೆ, ನೀವಿಬ್ಬರೂ ಬಂದು ನಿಂತರೆ ಕೈಜೋಡಿಸುತ್ತೇನೆ ಎಂದ. ಕಾರನ್ನು ಲಾರಿಯಲ್ಲಿ ಅಲ್ಲಿಗೆ ಸಾಗಿಸಿದೆವು. ಶನಿವಾರಗಳಲ್ಲಿ ನಾನೂ ಅತ್ತೆಯೂ ಲೋಕಲ್ ಟ್ರೈನು ಹತ್ತಿ, ಬೀಚ್ ಸ್ಟೇಷನ್ನಿನಲ್ಲಿಳಿದು ಆಟೋದಲ್ಲಿ ಅಲ್ಲಿಗೆ ಹೋಗತೊಡಗಿದೆವು. ಎಂಜಿನ್ ತೆರೆದು ನೋಡಿದರೆ ಒಂದು ಸೀಲು ಮುರಿದಿತ್ತು, ಅದರ ಚೂರು ಗೂಡಿನ ಗೋಡೆಯ ಕ್ರೋಮ್ ಲೇಪವನ್ನು ಉದ್ದಕ್ಕೂ ಗೀರಿತ್ತು. ಆ ಗೂಡು ಮತ್ತೆ ಕೆಲಸಕ್ಕೆ ಬರುವಂತಿರಲಿಲ್ಲ. ತಿಂಗಳುಗಟ್ಟಲೆ ಹುಡುಕಿ, ಜಪಾನಿನಲ್ಲಿ ಬಿಚ್ಚಿದ್ದ ಕಾರೊಂದರಿಂದ ಇನ್ನೊಂದನ್ನು ತರಿಸಿದೆವು. ಅಂಥದ್ದು ಮತ್ತೊಂದು ಸಿಗುವ ಭರವಸೆ ಇರಲಿಲ್ಲ.

ಇನ್ನು ಸೀಲಿನ ಆಯ್ಕೆ. ನನ್ನ ಮನಸ್ಸಿದ್ದುದು ಪಿಂಗಾಣಿಯ ಜಾತಿಯ ಸೆರಾಮಿಕ್ ಸೀಲುಗಳ ಮೇಲೆ. ಅವು ಹಗುರ, ಸವೆಯುವುದು ಬಹಳ ಕಡಿಮೆ. ಬಾಳಿಕೆ ಎಂದರೆ ಅದೇ ಎಂದು ನಾನು ರಾತ್ರಿ ಊಟಕ್ಕೆ ಕೂತಾಗಲೂ ವಾದಿಸುತ್ತಿದ್ದೆ. ಅತ್ತೆ ಕೇಳಿಸಿಕೊಂಡು ಕೇಳಿಸಿಕೊಂಡು ಒಂದು ದಿನ ಮಜ್ಜಿಗೆ ಬಡಿಸುತ್ತಾ ಕೇಳಿದರು:

"ಅದು ಸವೆಯಲ್ಲ, ಸರಿ. ಒಡೆದರೆ?"

ಅಂದು ರಾತ್ರಿಯೇ ಕಂಪ್ಯೂಟರ್ ಮುಂದೆ ಕೂತೆ. ಅಂಥ ಕಾರಿಟ್ಟುಕೊಂಡ ಬೇರೆ ಬೇರೆ ದೇಶದವರಿಗೆಲ್ಲ ಇಂಟರ್ನೆಟ್ಟಿನಲ್ಲಿ ಬರೆದು ಕೇಳಿದೆ. ರೇಸಿನವರು ಕೆಲವರು ಸೆರಾಮಿಕ್ಕನ್ನೇ ಹೊಗಳಿದರು. ಆದರೆ ಅದು ಪೆಟ್ರೋಲು ಹೊತ್ತು ತಪ್ಪಿ ಉರಿದಾಗ ಎಂಜಿನ್ನಿನೊಳಗೆ ಬೀಳುವ ಬಡಿತ ತಡೆಯದೆ ಮುರಿದರೆ ಗೂಡನ್ನೂ ಹಾಳುಮಾಡುತ್ತದೆ ಎಂದೂ ಅವರೇ ಒಪ್ಪಿಕೊಂಡರು. ಗಟ್ಟಿ ಉಕ್ಕಿನ ಸೀಲು ಬೇಗ ಸವೆಯಬಹುದು, ಬಡಿತ ಬಿದ್ದರೆ ಬಾಗಬಹುದು, ಆದರೆ ಚೂರಾಗುವುದು ಅಪರೂಪ. ಕೆಲವು ಬಗೆಯ ಉಕ್ಕು ಗೋಡೆಯ ಕ್ರೋಮನ್ನು ತಿನ್ನುತ್ತದೆಂಬ ದೂರೂ ಇತ್ತು. ಅದಕ್ಕೆ ಪೆಟ್ರೋಲಿಗೆ ಸ್ವಲ್ಪ ಟೂ-ಸ್ಟ್ರೋಕ್ ಎಣ್ಣೆ ಬೆರೆಸಿ ಎಂದು ಹಲವರು ಬರೆದರು. ಅದನ್ನು ಓದಿ ಹೇಳಿದಾಗ ಅತ್ತೆ ನಕ್ಕರು. ಮಾವನವರ ಸ್ಕೂಟರಿಗೆ ವರ್ಷಗಟ್ಟಲೆ ಅದನ್ನೇ ಹಾಕಿಸಿದ್ದರಂತೆ.

"ಸೀಲ್ ಮತ್ತೆ ಸಿಗತ್ತೆ. ಗೂಡು ಸಿಗಲ್ಲ," ಎಂದೆ ನಾನು.

"ಹಾಗಾದ್ರೆ ಉಕ್ಕೇ ಇರಲಿ. ನನಗೆ ಕಾರು ಓಡಬೇಕು, ಅಷ್ಟು ತಾನೇ."

ಉಕ್ಕಿನಲ್ಲೂ, ಕ್ರೋಮಿಗೆ ಮೃದುವೆಂದು ಹೆಚ್ಚು ಜನ ಹೇಳಿದ್ದನ್ನೇ ಆರಿಸಿದೆವು. ಸೀಲುಗಳು ಬಂದಾಗ ಬೇಕಾದ್ದಕ್ಕಿಂತ ಕೂದಲೆಳೆಯಷ್ಟು ಹೆಚ್ಚು ಉದ್ದವಿದ್ದವು. ಅತ್ತೆ ಎಣ್ಣೆ ಬಿಟ್ಟ ಸಾಣೆಕಲ್ಲಿನ ಮೇಲೆ ಒಂದೊಂದರ ತುದಿಯನ್ನೂ ಉಜ್ಜುತ್ತಿದ್ದರು, ನಾನು ಗೇಜಿನಿಂದ ಸಂದು ಅಳೆಯುತ್ತಿದ್ದೆ. ಕೂರಿಸುವಾಗ ಕಳಚಿ ಬೀಳದೆ ಅಂಟಿಕೊಂಡಿರಲೆಂದು ಪೆಟ್ರೋಲಿಯಂ ಜೆಲ್ಲಿ ಹಚ್ಚಿದೆವು. ಉಜ್ಜುತ್ತಾ ಉಜ್ಜುತ್ತಾ ಅತ್ತೆ ರೇಸಿನ ದಿನಗಳ ಮಾತು ತೆಗೆದರು. ಮದುವೆ ಗೊತ್ತಾದ ವಾರ ಕೊನೆಯ ರೇಸ್ ಓಡಿಸಿದ್ದು, ಆಮೇಲೆ ಯಾರೂ ಬೇಡ ಎನ್ನದಿದ್ದರೂ ತಾನೇ ಬಿಟ್ಟದ್ದು. ಯಾಕೆ ಬಿಟ್ಟಿರಿ ಎಂದೆ.

"ಮತ್ತೆ ಓಡಿಸ್ತೀಯಾ ಅಂತ ಯಾರೂ ಕೇಳಲಿಲ್ಲ ಮಾ. ಮನೇಲಿ ಕೆಲಸ ಇತ್ತು. ಹಾಗೇ ಕಾಲ ಹೋಯ್ತು," ಎಂದು ಕಲ್ಲಿಗೆ ಎಣ್ಣೆ ಬಿಟ್ಟರು.

ಎಂಜಿನ್ ಮೊದಲ ಸಲಕ್ಕೇ ಹೊತ್ತಿಕೊಳ್ಳಲಿಲ್ಲ. ಮೂರನೆಯ ಸಲ ವರ್ಕ್‌ಶಾಪ್ ತುಂಬ ಬಿಳಿ ಹೊಗೆ ಎಬ್ಬಿಸಿ ಹೊತ್ತಿಕೊಂಡಿತು. ಜೆಲ್ಲಿಯೆಲ್ಲ ಉರಿದು ಹೊಗೆ ತಿಳಿಯಾದಾಗ ಒಂದೇ ಸಮ ಗುಂಯ್‌ಗುಡುತ್ತಿತ್ತು. ಯಜಮಾನ ನಮಗೂ ಪಕ್ಕದ ದೋಣಿಯವರಿಗೂ ಟೀ ತರಿಸಿದ.

ಹೊಸ ಸೀಲುಗಳು ಗೋಡೆಗೆ ಹೊಂದಿಕೊಳ್ಳುವವರೆಗೆ ಮೆಲ್ಲಗೇ ಓಡಿಸಬೇಕು. ಹಾಗಾಗಿ ಈಗ ಭಾನುವಾರ ಬೆಳಿಗ್ಗೆ ಚೆಂಗಲ್ಪಟ್ಟುವಿನ ಕಡೆ ಹೋಗಿ ಬರುತ್ತೇವೆ. ಹೋಗುವಾಗ ಅವರು ಓಡಿಸುತ್ತಾರೆ, ಬರುವಾಗ ನಾನು. ಮೀಟರ್ ನೋಡಬೇಡ, ಸದ್ದು ಕೇಳು ಎನ್ನುತ್ತಾರೆ. ನಾನು ತಪ್ಪಿ ಬೇಗ ಗೇರು ಬದಲಿಸಿದರೆ ನಾಲಿಗೆ ಲೊಚಗುಟ್ಟುತ್ತಾರೆ. ಕಳೆದ ವಾರ ಎಣ್ಣೆ ಬದಲಿಸಿದಾಗ ಅದರಲ್ಲಿ ಲೋಹದ ಪುಡಿ ಕಾಣಲಿಲ್ಲ. ಅತ್ತೆ ಅದನ್ನು ಬಿಸಿಲಿಗೆ ಹಿಡಿದು ಎರಡೆರಡು ಸಲ ನೋಡಿದರು. ಮಳೆ ನಿಂತ ಮೇಲೆ ಯೇರ್ಕಾಡಿನ ಘಾಟಿ ಹತ್ತಬೇಕಂತೆ, ಕಾಲೇಜಿಗೆ ರಜ ಹಾಕು ಎಂದಿದ್ದಾರೆ.