ಅತ್ತೆ ಬಿಚ್ಚಿಟ್ಟ ಸ್ಕಾರ್ಫು

ನಾಗಪುರದಲ್ಲಿ ಬೇಸಿಗೆ ಬಂತೆಂದರೆ ಸ್ಕೂಟಿ ಓಡಿಸುವ ಹೆಣ್ಣುಮಕ್ಕಳಿಗೆ ಮುಖವೇ ಇರುವುದಿಲ್ಲ. ಕಣ್ಣೊಂದು ಬಿಟ್ಟು ಉಳಿದದ್ದೆಲ್ಲ ಸ್ಕಾರ್ಫಿನೊಳಗೆ, ಅದರ ಮೇಲೆ ಹೆಲ್ಮೆಟ್ಟು. ಸಿಗ್ನಲ್ ಬಳಿ ನಿಂತವರಲ್ಲಿ ಯಾರು ಯಾರ ಮಗಳೆಂದು ಹೆತ್ತವರಿಗೂ ತಿಳಿಯದು. ಮಾವ ತೀರಿಕೊಂಡ ಮೇಲೆ ಹುಬ್ಬಳ್ಳಿ ಕಡೆಯಿಂದ ನಮ್ಮ ಜೊತೆ ಇರಲು ಬಂದ ಅತ್ತೆ ಇದನ್ನು ನೋಡಿ ಮೂಗು ಮುರಿದಿದ್ದರು.

"ನನಗ ತೆಲಿ ಮ್ಯಾಲ ಸೆರಗ ಹೊತ್ತು ಸಾಕಾಗೇತಿ. ಈ ಹುಡುಗ್ಯಾರು ತಾವಾಗೇ ಹೊತ್ಕೊಂಡ ಹೊಂಟಾರಲ್ಲ!"

ವರ್ಷ ಕಳೆಯುವುದರೊಳಗೆ ಅದೇ ಅತ್ತೆ ನನಗೆ ಸ್ಕೂಟಿ ಕಲಿಸು ಎಂದರು. ಊರಿನ ಹಳೇ ಪೇಟೆ ಮಹಾಲಿನ ಭಜನಾ ಮಂಡಳಿ ಎಂದರೆ ಅವರಿಗೆ ಪ್ರಾಣ. ಆದರೆ ಕರೆದೊಯ್ಯಲು ನನಗೋ ಅವರ ಮಗನಿಗೋ ಬಿಡುವಾಗಬೇಕು. ಆಗದ ದಿನ ತಾಳ ಹಿಡಿದುಕೊಂಡು ಬಾಗಿಲಲ್ಲೇ ಕೂತಿರುತ್ತಿದ್ದರು. ನಮ್ಮವರು ಸರ್ಕಾರಿ ಫ್ಯಾಕ್ಟರಿಯ ನೌಕರರು, ಶಿಸ್ತಿನ ಮನುಷ್ಯ. ಸ್ಕೂಟಿಯ ಮಾತು ಕೇಳಿ ಹೌಹಾರಿದರು.

"ಅವ್ವಾ, ಈ ವಯಸ್ಸಿನಾಗ? ಕಾಲನಿ ಮಂದಿ ಏನಂದಾರು?"

"ಮಂದಿ ನನ್ನ ಮಹಾಲಿಗೆ ಬಿಟ್ಟು ಬರ್ತಾರೇನು?" ಎಂದರು ಅತ್ತೆ.

ನಮ್ಮವರು ಬ್ಯಾಗು ಎತ್ತಿಕೊಂಡು ಡ್ಯೂಟಿಗೆ ಹೊರಟೇಬಿಟ್ಟರು. ನನಗೆ ಸಿಟ್ಟು ಏರಿತು. ಅತ್ತೆಗೆ ಕಲಿಯುವವರ ಲೈಸೆನ್ಸು ಮಾಡಿಸಿ, ನನ್ನ ಚೂಡಿದಾರ ತೊಡಿಸಿ, ಮುಖಕ್ಕೆ ಸ್ಕಾರ್ಫು ಸುತ್ತಿ ಕಾಲನಿಯ ಮೈದಾನಕ್ಕೆ ಕರೆದೊಯ್ದೆ. ಮೂಗು ಮುರಿದವರೇ ಈಗ, "ಇನ್ನೊಂದೀಟು ಬಿಗಿ ಕಟ್ಟವಾ, ಗುರ್ತ ಹತ್ತಬಾರದು" ಎಂದರು. ಮೊದಲು ಬ್ರೇಕು ಕಲಿಸು ಎಂದು ಹಟ ಬೇರೆ. "ನಿಲ್ಲಸಾಕ ಬಂದ್ರ ಓಡಸಾಕ ಧೈರ್ಯ ಬರತೈತಿ."

ಗುಡಿಗೆ ಹೋಗುವ ನೆಪದಲ್ಲಿ ಬೆಳಿಗ್ಗೆ ಬೆಳಿಗ್ಗೆ ಪಾಠ ನಡೆಯಿತು. ಕೆಲವು ವಾರಗಳಲ್ಲಿ ನಾನಿಲ್ಲದೆಯೂ ಮೈದಾನ ಸುತ್ತತೊಡಗಿದರು. ಒಂದು ದಿನ ನಮ್ಮವರು ಬಾಲ್ಕನಿಯಲ್ಲಿ ಚಹಾ ಕುಡಿಯುತ್ತ ಕೆಳಗೆ ಮೈದಾನದತ್ತ ಬೆರಳು ಮಾಡಿದರು.

"ಆ ಹುಡುಗಿ ನೋಡ, ತಿರುವಿನಾಗ ಬರೋಬರ್ ಕೈ ತೋರಸ್ತಾಳ. ನೀ ಒಮ್ಮೆರ ತೋರಿಸೀಯೇನು?"

ನಗು ತಡೆಯಲಾಗದೆ ನನ್ನ ಚಹಾ ನೆತ್ತಿಗೇರಿತು. ಅತ್ತೆಗೆ ಹೇಳಿದಾಗ ಅವರೂ ಹೊಟ್ಟೆ ಹಿಡಿದು ನಕ್ಕರು. ಆಮೇಲೆ, "ಮಗ ಹೊಗಳ್ಯಾನ ಖರೆ. ಆದ್ರ ನನ್ನಲ್ಲ, ಯಾವದೋ ಹುಡುಗೀನ" ಎಂದರು. ನನ್ನ ನಗುವೂ ನಿಂತಿತು.

ಪರೀಕ್ಷೆಯ ದಿನ ತಮ್ಮ ಇಳಕಲ್ ಸೀರೆಯಲ್ಲೇ ಹೊರಟರು. ಒಂದು ಸಲವೂ ಕಾಲೂರದೆ ಗಾಡಿ ಓಡಿಸಿ ಪಾಸಾದರು. ಹೊರಗೆ ಬಿಸಿಲು ಕೆಂಡ ಸುರಿಯುತ್ತಿತ್ತು. ನಾನು ಸ್ಕಾರ್ಫು ಚಾಚಿದೆ. ಅವರು ಅದನ್ನು ಮಡಚಿ ಡಿಕ್ಕಿಗೆ ಹಾಕಿದರು.

"ಬಿಸಿಲ ಭಾಳ ಐತ್ರಿ, ಅತ್ತಿ."

"ನಾ ಬಿಸಿಲಿಗೆ ಅಂತ ಯಾವಾಗ ಕಟ್ಟಿದ್ದೆ?" ಎನ್ನುತ್ತ ಹೆಲ್ಮೆಟ್ಟಿನ ಪಟ್ಟಿಯನ್ನು ಗಲ್ಲದ ಕೆಳಗೆ ಬಿಗಿದುಕೊಂಡರು. "ಇದು ಕಾಯ್ದೆ, ಬಿಡಾಂಗಿಲ್ಲ. ಅದು ಬರೇ ನನ್ನ ಅಂಜಿಕಿ."

ನಾನು ಹಿಂದೆ ಕೂತೆ. ಕಾಲನಿಯ ಗೇಟಿನ ಬಳಿ ನಾಲ್ಕಾರು ಜನರ ಜೊತೆ ನಮ್ಮವರೂ ಮಾತಾಡುತ್ತ ನಿಂತಿದ್ದರು. ಅತ್ತೆ ವೇಗ ತಗ್ಗಿಸಿ, ತಿರುವಿನಲ್ಲಿ ಕೈ ತೋರಿಸಿ, ಮಗನ ಎದುರಿಗೇ ಬಂದು ನಿಲ್ಲಿಸಿದರು. ನಮ್ಮವರು ಆ ಕೈ ನೋಡಿದರು, ಮುಖ ನೋಡಿದರು. ನನ್ನ ಎದೆ ಹೆಮ್ಮೆಯಿಂದ ಬೀಗುತ್ತಿತ್ತು.

"ಬರೋಬರ್ ತೋರಿಸಿದ್ನಿಲ್ಲೋ?" ಎಂದರು ಅತ್ತೆ.

ಎಲ್ಲರ ಎದುರು ನಮ್ಮವರು ನನ್ನನ್ನು ಇಳಿ ಎಂದರು. ನಾನು ಇಳಿದೆ. ಅವರು ತಾಯಿಯ ಹಿಂದೆ ಕೂತು, "ನಡಿ ಅವ್ವಾ, ಮನಿಗೆ" ಎಂದರು.