ಟಿವಿಯ ಹಿಂದಿನ ಗುಂಡಿ

ಅಕ್ಕಲಕೋಟ ರಸ್ತೆಯ ವಿಡಿಯೋ ಗೇಮ್ ಅಂಗಡಿಯ ಮಾಲೀಕರನ್ನು ನಾವೆಲ್ಲ ಕಾಕಾ ಎನ್ನುತ್ತಿದ್ದೆವು. ಪಕ್ಕದ ವಿದ್ಯುತ್ ಮಗ್ಗಗಳು ಶುರುವಾದೊಡನೆ ವೋಲ್ಟೇಜ್ ಕುಸಿದು ಅವರ ಹಳೆಯ ಟಿವಿಯಲ್ಲಿ ಚಿತ್ರ ಮೇಲಕ್ಕೆ ಉರುಳುತ್ತಿತ್ತು. ಅದನ್ನು ನಿಲ್ಲಿಸುವ ಗುಂಡಿ ಇದ್ದದ್ದು ಟಿವಿಯ ಹಿಂದೆ. ಅಲ್ಲಿಂದ ಪರದೆ ಕಾಣದ್ದರಿಂದ ಕಾಕಾ ಆಡುವವರ ಕಣ್ಣು ನೋಡುತ್ತ ಗುಂಡಿ ತಿರುಗಿಸುತ್ತಿದ್ದರು. ಕಣ್ಣುಗಳ ಓಡಾಟ ನಿಂತರೆ, “ನಿಂತದ, ಆಡ್ರಿ” ಎನ್ನುತ್ತಿದ್ದರು.

ಒಮ್ಮೆ ಆಫೀಸಿನ ಹೊತ್ತಿನಲ್ಲಿ ಆಡುತ್ತಿದ್ದಾಗ ಬಾಗಿಲಲ್ಲಿ ನಮ್ಮ ಸಾಹೇಬರು ಕಂಡರು, ನನ್ನ ಕಣ್ಣು ಅತ್ತಿತ್ತ ಓಡಿತು. ಚಿತ್ರ ಉರುಳುತ್ತಿದೆ ಎಂದುಕೊಂಡ ಕಾಕಾ ಗುಂಡಿ ತಿರುಗಿಸಿ, ಸರಿಯಿದ್ದ ಚಿತ್ರವನ್ನೂ ಉರುಳಿಸಿದರು. ಗೆಲ್ಲುವ ಆಟ ಸೋತೆ.

ಆಮೇಲೆ ಹೊಸ ಟಿವಿ ಬಂತು. ಅದರಲ್ಲಿ ಚಿತ್ರ ತಾನಾಗಿಯೇ ನಿಲ್ಲುತ್ತಿತ್ತು, ಗುಂಡಿಯೇ ಇರಲಿಲ್ಲ. ಆದರೂ ಕಾಕಾ ಹಿಂದೆ ಹೋಗಿ ನಿಂತರು.

“ಅಲ್ಲೇನ್ ಮಾಡಾಕತ್ತೀರಿ ಕಾಕಾ?” ಎಂದೆ.

ನನ್ನ ಮುಖದಿಂದ ಕಣ್ಣು ತೆಗೆಯದೆ ಹೇಳಿದರು: “ಆಟ ನೋಡಾಕತ್ತೀನಿ.”